ದೃಢೀಕರಣಕ್ಕೆ ಸಿದ್ಧರಾಗುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ

ಬಳ್ಳಾರಿಯ ನಮ್ಮ ಶಾಲೆಯ ಧರ್ಮೋಪದೇಶದ ತರಗತಿಯಲ್ಲಿ ಕೂತವರಿಗೆಲ್ಲ ಸಿಸ್ಟರ್ ಪದೇ ಪದೇ ಹೇಳುತ್ತಿದ್ದ ಮಾತು ನೆನಪಿರುತ್ತದೆ: "ದೃಢೀಕರಣ ಒಂದು ಸಂಸ್ಕಾರ, ಪರೀಕ್ಷೆ ಪಾಸಾದವರಿಗೆ ಕೊಡುವ ಬಹುಮಾನ ಅಲ್ಲ ಮಕ್ಕಳೇ." ಪವಿತ್ರಾತ್ಮರ ಏಳು ವರದಾನಗಳನ್ನು ಗಿಣಿಪಾಠ ಒಪ್ಪಿಸಿದರೆ ಸಾಲದು. ನಮ್ಮನ್ನು ಕ್ರೈಸ್ತರನ್ನಾಗಿಸುವ ದೀಕ್ಷಾಸ್ನಾನದಲ್ಲಿ ಶುರುವಾದದ್ದನ್ನು ದೇವರೇ ಇಲ್ಲಿ ಪೂರ್ಣಗೊಳಿಸುತ್ತಾರೆ. ಅದರಂತೆ ಇದೂ ಬದುಕಿನಲ್ಲಿ ಒಮ್ಮೆ ಮಾತ್ರ. ಆತ್ಮದ ಮೇಲೆ ಅದು ಒತ್ತುವ ಮುದ್ರೆ ಅಳಿಯುವುದಿಲ್ಲ.

ನಮ್ಮ ಕಡೆ ಹೆಚ್ಚು ಎಡವಟ್ಟಾಗುವುದು ವಿಶ್ವಾಸದಲ್ಲಿ ನಿಮಗೆ ಜೊತೆಯಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿಯರ ವಿಚಾರದಲ್ಲಿ. ಹೊಸ ಬಟ್ಟೆ ಹೊಲಿಸಿ, ಊಟದ ಏರ್ಪಾಟೆಲ್ಲ ಮುಗಿದ ಮೇಲೆ, ಊರಿಂದ ಬಂದ ಮಾವನನ್ನೋ ಚಿಕ್ಕಮ್ಮನನ್ನೋ ನಿಲ್ಲಿಸಿಬಿಡುತ್ತಾರೆ. ಅವರಿಗೇ ದೃಢೀಕರಣ ಆಗಿಲ್ಲವೆಂದು ಆಮೇಲೆ ಗೊತ್ತಾಗುತ್ತದೆ. ಧರ್ಮಸಭೆಯ ಕಾನೂನಿನಂತೆ ಅವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು; ದೃಢೀಕರಣ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಪಡೆದ ಕಥೋಲಿಕರಾಗಿರಬೇಕು, ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು. ಹೆತ್ತವರು ನಿಲ್ಲುವಂತಿಲ್ಲ. ದೀಕ್ಷಾಸ್ನಾನಕ್ಕೆ ನಿಂತವರೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನು ಪತ್ರಗಳ ಕೆಲಸ. ದುಡಿಯಲು ಬೆಂಗಳೂರಿಗೆ ಹೋದ ಮನೆಗಳ ಮಕ್ಕಳಿಗೆ ದೀಕ್ಷಾಸ್ನಾನ ಅಲ್ಲೇ ಆಗಿರುತ್ತದೆ. ಅಲ್ಲಿನ ಧರ್ಮಕೇಂದ್ರದಿಂದ (ಚರ್ಚಿನಿಂದ) ದೀಕ್ಷಾಸ್ನಾನದ ಪತ್ರವನ್ನು ಒಂದೆರಡು ತಿಂಗಳು ಮುಂಚೆಯೇ ತರಿಸಿಕೊಳ್ಳಿ. ದೃಢೀಕರಣವಾದ ಸುದ್ದಿಯೂ ಅಲ್ಲಿನ ದೀಕ್ಷಾಸ್ನಾನದ ಪುಸ್ತಕಕ್ಕೆ ಸೇರಬೇಕು. ಸೇರದಿದ್ದರೆ ಮದುವೆಯ ಹೊತ್ತಿಗೆ ಹಳೆಯ ದಾಖಲೆ ಹುಡುಕುತ್ತಾ ಓಡಾಡಬೇಕಾಗುತ್ತದೆ.

1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರ ರಾಯಚೂರು, ಕೊಪ್ಪಳದವರೆಗೂ ಹರಡಿದೆ. ದೂರದ ಊರಿನವರು ದೃಢೀಕರಣ ಕೊಡಲು ಬರುವ ಧರ್ಮಾಧ್ಯಕ್ಷರ (ಬಿಷಪ್ಪರ) ಭೇಟಿಗೆ ಕಾಯಬೇಕಾಗುತ್ತದೆ. ಆ ಕಾಯುವಿಕೆಗೆ ಬೇಸರಪಡಬೇಡಿ. ಫಿಲಿಪ್ಪ ದೀಕ್ಷಾಸ್ನಾನ ಕೊಟ್ಟಿದ್ದ ಸಮಾರ್ಯದವರ ಮೇಲೆ ಕೈಯಿಡಲು ಯೇಸುವಿನ ಪ್ರೇಷಿತರಾದ (ಶಿಷ್ಯರಾದ) ಪೇತ್ರ, ಯೊವಾನ್ನರು ಜೆರುಸಲೇಮಿನಿಂದ ಬಂದರೆಂದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿದೆ. ಪ್ರೇಷಿತರ ಆ ಕೊಂಡಿ ಇಂದಿಗೂ ಕಳಚಿಲ್ಲ. ಅನುಮತಿ ಪಡೆದ ಗುರುಗಳು ದೃಢೀಕರಣ ಕೊಟ್ಟರೂ ಹಣೆಗೆ ಹಚ್ಚುವ ತೈಲ ಮಾತ್ರ ಧರ್ಮಾಧ್ಯಕ್ಷರು ಪವಿತ್ರೀಕರಿಸಿದ್ದೇ ಆಗಿರಬೇಕು: ಆಲಿವ್ ಅಥವಾ ಬೇರೆ ಸಸ್ಯದ ಎಣ್ಣೆಗೆ ಸುಗಂಧ ಬೆರೆಸಿದ ತೈಲ ಅದು.

ದೃಢೀಕರಣದ ದಿನ ಮೊದಲು ದೀಕ್ಷಾಸ್ನಾನದ ವಾಗ್ದಾನಗಳನ್ನು ನೀವೇ ಬಾಯಿಬಿಟ್ಟು ನವೀಕರಿಸುತ್ತೀರಿ. ಧರ್ಮಾಧ್ಯಕ್ಷರು ಎಲ್ಲರ ಮೇಲೆ ಕೈಚಾಚಿ ಪ್ರಾರ್ಥಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಮುಂದೆ ಹೋಗುವಾಗ ಜ್ಞಾನತಂದೆಯ ಬಲಗೈ ನಿಮ್ಮ ಭುಜದ ಮೇಲಿರುತ್ತದೆ. ಧರ್ಮಾಧ್ಯಕ್ಷರು ಬಲಗೈ ಹೆಬ್ಬೆರಳನ್ನು ತೈಲದಲ್ಲಿ ಅದ್ದಿ, ನಿಮ್ಮ ಹೆಸರು ಹಿಡಿದು ಕರೆದು, ಹಣೆಯ ಮೇಲೆ ಶಿಲುಬೆ ಎಳೆಯುತ್ತಾರೆ. ಕೂದಲು ಹಣೆಗೆ ಬೀಳದಂತೆ ಬಾಚಿಕೊಳ್ಳಿ, "ಆಮೆನ್" ಎಂದು ಗಟ್ಟಿಯಾಗಿ ಹೇಳಿ, ಗಾಬರಿಯಲ್ಲಿ ಕರವಸ್ತ್ರದಿಂದ ಒರೆಸಿಕೊಳ್ಳಬೇಡಿ. ಅಜ್ಜಿಯಂದಿರು ಹೇಳುವ ಕೆನ್ನೆಯ ಮೇಲಿನ ಮೆಲುವಾದ ಏಟು 1971ರಲ್ಲಿ ಪರಿಷ್ಕರಿಸಿದ ವಿಧಿಯಲ್ಲಿಲ್ಲ. ಈಗ ಶಾಂತಿಯ ಹಾರೈಕೆಯಷ್ಟೇ. ಪಾಪನಿವೇದನೆಯನ್ನು ಮಾತ್ರ ಆ ದಿನದ ಗದ್ದಲಕ್ಕೆ ಬಿಡದೆ ಮುಂಚೆಯೇ ಮಾಡಿಕೊಳ್ಳಿ.