ಮುಂಬಯಿಯ ಮಾಟುಂಗಾ ಮನೆಯ ಲಾದಿ (ನೆಲದ ಟೈಲ್) ಕೆಲಸ: ಮಾರ್ಚ್‌ನಿಂದ ಜುಲೈವರೆಗೆ

ಮಾರ್ಚ್, ಎರಡನೇ ವಾರ

ಮುಂದಿನ ಕೋಣೆಯ ವಿನೈಲ್ ಶೀಟ್ ಕೊನೆಗೂ ಕಿತ್ತೆ. ಅಪ್ಪ ಅದನ್ನು 1994ರಲ್ಲಿ ಅಂಟಿಸಿದ್ದರು, ಈಗ ಒಂದು ಮೂಲೆ ಎದ್ದು ದಿನಾ ಯಾರಾದರೂ ಎಡವುತ್ತಿದ್ದರು. ಕೆಳಗೆ ಹಳೇ ಲಾದಿ ಇದೆ ಅಂತ ಗೊತ್ತಿತ್ತು, ಬಾಗಿಲ ಹಿಂದೆ ಎರಡು ಕಾಣುತ್ತಿದ್ದವು. ಇಡೀ ಕೋಣೆ ಹೀಗೆ ಉಳಿದಿದೆ ಅಂತ ಅಂದುಕೊಂಡಿರಲಿಲ್ಲ. 8 ಇಂಚಿನ ಚೌಕ ಲಾದಿ, ಅಡ್ಡಕ್ಕೆ 15, ಉದ್ದಕ್ಕೆ 18, ಒಟ್ಟು 270. ಸುತ್ತ ಒಂದು ಸಾಲು ಕಪ್ಪು ಅಂಚು. ಒಳಗೆ ಬೂದು ಬಣ್ಣದ ಮೇಲೆ ಕಾವಿ ಕೆಂಪು, ಸಾಸಿವೆ ಹಳದಿ, ನಾಲ್ಕು ಲಾದಿ ಸೇರಿದರೆ ಒಂದು ಹೂವು.

ಹೂವು ಕಂಡಿದ್ದು ಆಮೇಲೆ. ಮೊದಲು ಕಂಡಿದ್ದು ಬರೀ ಅಂಟು. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹಾಸಿ ಇಪ್ಪತ್ತು ನಿಮಿಷ ಬಿಟ್ಟರೆ ಅದು ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತದೆ, ಆಗ ಹಳೇ ಎಟಿಎಂ ಕಾರ್ಡ್‌ನಲ್ಲಿ ಕೆರೆದು ತೆಗೆಯಬೇಕು. ಕಬ್ಬಿಣದ ಚಾಕು ಬೇಡ, ಗೀರು ಬೀಳುತ್ತದೆ. ಒಂದು ದಿನಕ್ಕೆ ಎರಡು ಸಾಲು ಆದರೆ ಹೆಚ್ಚು. ನಾಲ್ಕು ಕಾರ್ಡ್ ಸವೆದವು.

ಮಾರ್ಚ್ ಕೊನೆ

ತಪ್ಪು ಮಾಡಿದೆ, ಬರೆದೇ ಬಿಡುತ್ತೇನೆ. ಅಮ್ಮ, "ಏನೋ ಇದು, ಮಗು ಮೈ ಒರೆಸಿದ ಹಾಗೆ ಒರೆಸ್ತಾ ಕೂತಿದ್ದೀಯ, ಆ್ಯಸಿಡ್ ಹಾಕಿ ಉಜ್ಜು" ಅಂದರು. ನಾನೂ ಬೇಸತ್ತಿದ್ದೆ. ಬಚ್ಚಲಿಗೆ ತಂದಿಟ್ಟಿದ್ದ ಆ್ಯಸಿಡ್ ಸ್ವಲ್ಪ ಮಂಚದ ಕೆಳಗಿನ ಒಂದು ಲಾದಿಗೆ ಸುರಿದೆ. ಸೋಡಾ ಬಾಟಲಿ ತೆರೆದ ಹಾಗೆ ಬುಸ್ ಅಂತು, ನೊರೆ ಬಂತು. ತಕ್ಷಣ ನೀರು ಹೊಯ್ದೆ, ಆದರೂ ಕೆಂಪು ಹೋಗಿ ಮಾಸಲು ಗುಲಾಬಿ ಆಯಿತು, ಮುಟ್ಟಿದರೆ ಉಪ್ಪು ಕಾಗದದ ಹಾಗೆ ತರಿತರಿ.

ಆಮೇಲೆ ಓದಿ ತಿಳಿದುಕೊಂಡೆ. ಇವು ಸುಟ್ಟ ಲಾದಿ ಅಲ್ಲ, ಮೇಲೆ ಗಾಜಿನ ಲೇಪವೂ ಇಲ್ಲ. ಅಚ್ಚಿನೊಳಗೆ ಬಣ್ಣ ಬೆರೆಸಿದ ಸಿಮೆಂಟನ್ನು ಒಂದೊಂದು ಖಾನೆಗೂ ಬೇರೆಬೇರೆಯಾಗಿ ಹೊಯ್ದು, ಹಿಂದೆ ಮರಳು ಸಿಮೆಂಟ್ ತುಂಬಿ ಪ್ರೆಸ್‌ನಲ್ಲಿ ಒತ್ತಿ, ನೀರಲ್ಲಿ ಗಟ್ಟಿಯಾಗಲು ಬಿಟ್ಟದ್ದು. ಸಿಮೆಂಟಿನಲ್ಲಿ ಸುಣ್ಣದ ಅಂಶ ಇದೆ, ಆ್ಯಸಿಡ್ ಅದನ್ನೇ ತಿನ್ನುತ್ತದೆ. ಕೊಳೆ ಹೋಗುವುದಲ್ಲ, ನೆಲವೇ ಹೋಗುತ್ತದೆ. ಮಾರ್ಬಲ್‌ಗೂ ಇದೇ ಕಥೆ, ನಿಂಬೆಹಣ್ಣು ಸಾಕು. ಒಡೆದ ಒಂದು ಲಾದಿಯ ಅಂಚು ಅಳೆದೆ, ಬಣ್ಣದ ಪದರ 4 ಮಿಲಿಮೀಟರ್ ಅಷ್ಟೇ. ಎಂಬತ್ತು ವರ್ಷ ಕಾಲಡಿ ಸವೆದು ಉಳಿದದ್ದು ಅದು.

ಏಪ್ರಿಲ್

ಪಾಲಿಷ್ ಮೇಸ್ತ್ರಿ ಬಂದು ನೋಡಿದ. ಮಷೀನ್ ಹಾಕಿ ಒಂದು ಪದರ ತೆಗೆದರೆ ಕನ್ನಡಿ ಆಗುತ್ತೆ ಸಾಬ್, ಎರಡೇ ದಿನದ ಕೆಲಸ ಅಂದ. ಆ ಒಂದು ಪದರ ಎಷ್ಟು ಅಂತ ಕೇಳಿದರೆ ಬೆರಳಲ್ಲಿ ತೋರಿಸಿದ, ಬೆರಳಿನ ಸಂದು ನನ್ನ 4 ಮಿಲಿಮೀಟರಿನ ಅರ್ಧ ಇತ್ತು. ಹೂವಿನ ಲಾದಿ ಮುಟ್ಟಬೇಡ ಅಂದೆ. ನಡುಮನೆಯ ಓಣಿಯಲ್ಲಿ ಮೊಸಾಯಿಕ್ ಇದೆ, ಅದನ್ನು ಕೊಟ್ಟೆ. ಅದರಲ್ಲಿ ಮಾರ್ಬಲ್ ಚೂರು ಆಳದವರೆಗೂ ಇರುವುದರಿಂದ ಸ್ವಲ್ಪ ಘಿಸಾಯಿ, ಅಂದರೆ ಮಷೀನಿನ ಉಜ್ಜಾಟ, ತಡೆದುಕೊಳ್ಳುತ್ತದೆ. ತರಿತರಿ ಉಜ್ಜುಗಲ್ಲಿನಿಂದ ಶುರು ಮಾಡಿ ನುಣುಪು ಕಲ್ಲಿಗೆ ಬಂದು ಕೊನೆಗೆ ಹೊಳಪಿಗೆ ಆಕ್ಸಾಲಿಕ್ ಪುಡಿ ಹಾಕಿ ತಿರುಗಿಸಿದ. ಚೆನ್ನಾಗೇ ಆಗಿದೆ. ಒಂದು ಮಾತು, ಆ ಬಿಳಿ ರಾಡಿಯನ್ನು ಬಚ್ಚಲಿಗೆ ತಳ್ಳಲು ಬಿಡಬೇಡಿ, ಪೈಪಿನಲ್ಲಿ ಸಿಮೆಂಟ್ ಆಗಿ ಕೂರುತ್ತದೆ. ಒಣಗಿದ ಮೇಲೆ ಬಾಚಿ ಚೀಲಕ್ಕೆ ತುಂಬಿ.

ಹೂವಿನ ಲಾದಿಗೆ ನನ್ನದೇ ಕ್ರಮ. ಸೌಮ್ಯವಾದ ಸೋಪು ನೀರು, ನೈಲಾನ್ ಬ್ರಷ್, ಒಂದು ಸಲಕ್ಕೆ ಆರು ಲಾದಿ, ಕೊಳೆ ನೀರನ್ನು ಒಣಗುವ ಮೊದಲೇ ಬಟ್ಟೆಯಲ್ಲಿ ಹೀರಿ ತೆಗೆಯುವುದು. ಬಕೆಟ್ ಸುರಿಯುವುದಿಲ್ಲ. ಆ್ಯಸಿಡ್ ತಿಂದ ಲಾದಿಯನ್ನು ಮಾತ್ರ 400, ಆಮೇಲೆ 800 ನಂಬರಿನ, ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದ, ಅಂದರೆ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿದೆ. ನುಣುಪಾಯಿತು. ಬಣ್ಣ ಬರಲಿಲ್ಲ.

ಮೇ

ದೇವರ ಗೂಡಿನ ಮುಂದೆ ಅಂಗೈಯಗಲ ಕಪ್ಪು ಕಲೆ. ದೀಪದ ಎಣ್ಣೆ. ಎಷ್ಟು ಉಜ್ಜಿದರೂ ಜಗ್ಗಲಿಲ್ಲ, ಯಾಕೆಂದರೆ ಎಣ್ಣೆ ಮೇಲಿಲ್ಲ, ಒಳಗಿದೆ, ಅದನ್ನು ಹೊರಗೆ ಎಳೆಯಬೇಕು. ಸೀಮೆಸುಣ್ಣದ ಪುಡಿಗೆ ಅಸಿಟೋನ್ (ನೇಲ್ ಪಾಲಿಷ್ ತೆಗೆಯುವ ದ್ರವ) ಬೆರೆಸಿ ಚಟ್ನಿ ಹದಕ್ಕೆ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ, ಸುತ್ತ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ಆಮೇಲೆ ಪ್ಲಾಸ್ಟಿಕ್ ತೆಗೆದು ಒಣಗಲು ಬಿಟ್ಟೆ. ಅಸಿಟೋನ್ ಹತ್ತಿರ ಬೆಂಕಿ ಇರಲೇಬಾರದು, ಇದೋ ದೇವರ ಮುಂದಿನ ಜಾಗ! ಅಮ್ಮನ ದೀಪ ಅಷ್ಟೂ ದಿನ ಅಡುಗೆಮನೆಯ ಕಿಟಕಿಗೆ ಹೋಯಿತು, ನನ್ನ ಜೊತೆ ಮಾತು ಅರ್ಧಕ್ಕರ್ಧ ಕಮ್ಮಿಯಾಯಿತು. ಪುಡಿ ಕೆರೆದರೆ ಹಳದಿಯಾಗಿತ್ತು, ಎಣ್ಣೆ ವಾಸನೆ. ಮೂರು ಸಲ ಮಾಡಿದ ಮೇಲೆ ಕಲೆ ತಿಳಿ ನೆರಳಿನಷ್ಟು ಉಳಿದಿದೆ. ಅಷ್ಟು ಇರಲಿ.

ನಡುವೆ ನಾಲ್ಕು ಲಾದಿ ಚೂರಾಗಿದ್ದವು. ಹೊಸದು ಸಿಗುತ್ತದೆ, 1922ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದ ಭಾರತ್ ಫ್ಲೋರಿಂಗ್ಸ್ ಇವತ್ತಿಗೂ ಸಿಮೆಂಟ್ ಲಾದಿ ಮಾಡುತ್ತದೆ. ಆದರೆ ಹೊಸ ಕೆಂಪು ಹಳೇ ಕೆಂಪಿನ ಪಕ್ಕ ಕುಳಿತರೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಗೋದ್ರೆಜ್ ಕಪಾಟಿನ ಕೆಳಗಿಂದ ಐದು ಎಬ್ಬಿಸಿದೆ. ಕೆಳಗೆ ಸುಣ್ಣದ ಗಾರೆ, ಉಳಿ ಇಟ್ಟು ತಟ್ಟಿದರೆ ಪುಡಿಯಾಗಿ ಬಿಟ್ಟುಕೊಟ್ಟಿತು. ಒಂದು ಒಡೆಯಿತು, ನಾಲ್ಕು ಉಳಿದವು. ಲೆಕ್ಕ ಸರಿಹೋಯಿತು. ಕಪಾಟಿನ ಕೆಳಗೆ ಈಗ ಬರೀ ಸಿಮೆಂಟ್, ಯಾರು ನೋಡ್ತಾರೆ?

ಜೂನ್

ಅಡುಗೆಮನೆಯಲ್ಲಿ ಶಹಾಬಾದಿ ಫರ್ಶಿ, ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ. ಅಮ್ಮನ ತವರು ಕಲಬುರಗಿ ಕಡೆ, ಕಲ್ಲೂ ಅಲ್ಲಿಯದೇ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನ ಕಡೆ ಹೋಗುವಾಗ ಕಲಬುರಗಿ ದಾಟಿದ ಮೇಲೆ ಶಹಾಬಾದ್ ಬರುತ್ತದಲ್ವಾ. ಇದೂ ಸುಣ್ಣದ ಕಲ್ಲು, ಹುಣಸೆ ರಸ ಬಿದ್ದ ಕಡೆಯೆಲ್ಲ ಮಂಕು ಮಚ್ಚೆ. ಉಜ್ಜಿ ತೊಳೆದು ಸಂದಿಗೆ ಹೊಸ ಸಿಮೆಂಟ್ ತುಂಬಿದೆ, ಅಷ್ಟೇ. ಇದಕ್ಕೆ ಹೊಳಪು ಬೇಕಿಲ್ಲ, ಒದ್ದೆ ಕಾಲಿಗೆ ಜಾರದೆ ಇದ್ದರೆ ಸಾಕು.

ಜುಲೈ

ಮಳೆ ಹಿಡಿದ ಮೇಲೆ ಹೊರಗೋಡೆ ಪಕ್ಕದ ಕಪ್ಪು ಸಾಲಿನ ಮೇಲೆ ಬಿಳಿ ಪುಡಿ ಏಳುತ್ತಿದೆ, ನೆನೆದ ಗೋಡೆಯ ಉಪ್ಪು. ಒಣ ಬ್ರಷ್‌ನಲ್ಲಿ ಗುಡಿಸುತ್ತೇನೆ, ನೀರು ಹಾಕಿದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ನೆಲ ನೀರು, ಎಣ್ಣೆ ಹೀರದ ಹಾಗೆ ಹಚ್ಚುವ ಸೀಲರ್ ತಂದಿಟ್ಟಿದ್ದೇನೆ, ಒಳಕ್ಕೆ ಇಳಿಯುವ ಜಾತಿಯದು. ಮೇಲೆ ಪೊರೆ ಕಟ್ಟುವುದು ಬೇಡ, ಒಳಗಿನ ತೇವ ಹೊರಬರದೆ ಪೊರೆಯೇ ಬೆಳ್ಳಗಾಗುತ್ತದೆ. ಆದರೆ ಒಳ್ಳೇ ಸೀಲರ್ ಆದರೂ ಒಣ ನೆಲಕ್ಕೇ ಹಚ್ಚಬೇಕು. ನಿನ್ನೆ ರಾತ್ರಿ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿದ್ದೆ. ಇವತ್ತು ರಾತ್ರಿ ಎತ್ತಿ ನೋಡಿದೆ, ಒಳಗಡೆ ಸಣ್ಣಸಣ್ಣ ಹನಿ. ಡಬ್ಬವನ್ನು ಮತ್ತೆ ಕಪಾಟಿನ ಮೇಲೆ ಇಟ್ಟೆ. ದೀಪಾವಳಿ ಆದಮೇಲೆ ನೋಡೋಣ.