ಬೊಗಸೆ

ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಹೋಳಿ ಹುಣ್ಣಿಮೆ ಆಗಿ ಐದನೇ ದಿನ. ಅಷ್ಟೊತ್ತಿಗೆ ನಮ್ಮ ಕಡೆ ಬಿಸಿಲು ನೆತ್ತಿಯ ಮೇಲೆ ಬಂದು ಕೂತಿರುತ್ತದೆ. ಜೇವರ್ಗಿ, ಅಫಜಲಪುರ, ಆಳಂದ, ಚಿತ್ತಾಪುರದ ಹಳ್ಳಿಗಳಿಂದ ಜನ ಬೆಳಿಗ್ಗೆಯೇ ಬಂದು ಗುಡಿಯ ಸುತ್ತ, ಅಪ್ಪನ ಕೆರೆಯ ಸುತ್ತ ಸಿಕ್ಕಷ್ಟು ನೆರಳಲ್ಲಿ ಬುತ್ತಿ ಬಿಚ್ಚಿ ಕೂರುತ್ತಾರೆ. ತೇರು ಎಳೆಯುವುದು ಸಂಜೆಗೆ. ಅಲ್ಲಿತನಕ ಕಾಯಬೇಕು, ಕಾಯುವವರಿಗೆ ನೀರು ಬೇಕು.

2025ರ ಜಾತ್ರೆಗೆ ನಮ್ಮ ಹೈಸ್ಕೂಲಿನ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಅರವಟ್ಟಿಗೆ ಇಟ್ಟಿದ್ದರು. 'ಮಕ್ಕಳು ಇಟ್ಟಿದ್ದರು' ಅನ್ನುವುದು ವರದಿಯ ಮಾತು. ಹರವಿ (ಮಣ್ಣಿನ ದೊಡ್ಡ ಗಡಿಗೆ) ಕೊಂಡು ತಂದು, ಉಸುಕು ಹಾಸಿ, ಮೇಲೆ ಹಸಿ ಗೋಣಿಚೀಲ ಸುತ್ತುವ ಹೊತ್ತಿಗೆ ಗೈಡ್ ಕ್ಯಾಪ್ಟನ್ ಆದ ನನ್ನ ಸೊಂಟ ಹೋಗಿತ್ತು. ಹತ್ತನೆಯವರಿಗೆ ಪರೀಕ್ಷೆ, ಹಾಗಾಗಿ ಎಂಟು, ಒಂಬತ್ತರ ಮಕ್ಕಳಷ್ಟೇ. ಬರುತ್ತೇನೆಂದ ಟ್ಯಾಂಕರ್ ಬರಲಿಲ್ಲ. ಎದುರು ಮನೆಯವರನ್ನು ಬೋರಿನ ನೀರು ಕೇಳಿದೆವು. 'ನೀರಿಗಿ ಕೇಳೋದೇನದರಿ ಟೀಚರ್' ಎಂದು ಗೇಟು ತೆಗೆದೇ ಬಿಟ್ಟರು. ಹುಡುಗಿಯರು ಕೊಡ ಹೊತ್ತರು, ಹುಡುಗರು ಹಂಚಿದರು. ಯಾಕೆ ಹಾಗೆ ಹಂಚಿಕೆಯಾಯಿತೆಂದು ಮಧ್ಯಾಹ್ನ ನನಗೇ ನಾಚಿಕೆಯಾಗಿ ಅದಲುಬದಲು ಮಾಡಿದೆ.

ಆ ವರ್ಷ ತೇರು ರಂಜಾನ್ ತಿಂಗಳಲ್ಲಿ ಬಂದಿತ್ತು. ನಮ್ಮ ತಂಡದಲ್ಲಿ ನಾಲ್ವರು ರೋಜಾ ಇದ್ದವರು. ಸ್ಕೌಟ್ ಪ್ರತಿಜ್ಞೆಯಲ್ಲಿ 'ದೇವರಿಗೆ' ಎಂಬ ಮಾತಿದೆ, ಬೇಕಾದವರು ಅಲ್ಲಿ 'ಧರ್ಮಕ್ಕೆ' ಎನ್ನಬಹುದು. ಮಕ್ಕಳು ಅದರ ಬಗ್ಗೆ ತಲೆ ಕೆಡಿಸಿಕೊಂಡದ್ದು ನಾನು ನೋಡಿಲ್ಲ. ಅವತ್ತು ನಾನೇ ತಲೆ ಕೆಡಿಸಿಕೊಂಡೆ. ನೀವು ನಾಲ್ಕು ಮಂದಿ ನೆರಳಿಗೆ ಕೂತು ಚಪ್ಪಲಿ ನೋಡಿಕೊಳ್ಳಿ ಎಂದೆ. ಮೂವರು ಕೂತರು. ಒಂಬತ್ತನೇ ಇಯತ್ತೆಯ ಒಬ್ಬ ಕೂರಲಿಲ್ಲ. ಅವನು ಒಂದು ಪೆಟ್ರೋಲಿನ ಲೀಡರ್. (ನಮ್ಮಲ್ಲಿ ಮಕ್ಕಳ ಗುಂಪಿಗೆ ಹಾಗೇ ಅನ್ನುತ್ತಾರೆ, ಅವನನ್ನು 'ಲೀಟರಿಗಿ ಎಷ್ಟೋ' ಎಂದು ಉಳಿದವರು ಕಾಡುವುದು ಮಾಮೂಲಿ.) 'ನಾ ಕುಡೀಲತಿಲ್ಲಲ್ರೀ ಟೀಚರ್, ಬರೇ ಕೊಡ್ಲತೀನಿ' ಎಂದು ಸ್ಕಾರ್ಫು ಬಿಚ್ಚಿ ತಲೆಗೆ ಕಟ್ಟಿಕೊಂಡ. ಯೂನಿಫಾರ್ಮಿನ ನಿಯಮದ ಪ್ರಕಾರ ಅದು ತಪ್ಪು. ಬಿಟ್ಟುಬಿಟ್ಟೆ.

ಮೂರು ಗಂಟೆಯ ಸುಮಾರಿಗೆ ಒಬ್ಬ ಮುದುಕಿ ಬಂದಳು. ಬಂದಳು ಅಂದರೆ ಮೇಜಿನ ಹತ್ತಿರ ಬರಲಿಲ್ಲ. ಮೂರು ಮಾರು ದೂರದಲ್ಲಿ, ಚೆಲ್ಲಿದ ನೀರು ಹರಿದು ಹೋಗುವ ಕಡೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಜೋಡಿಸಿ ಬಾಯಿಗೆ ಹಿಡಿದಳು. ಹುಡುಗ ಸ್ಟೀಲ್ ಗ್ಲಾಸು ತುಂಬಿಕೊಂಡು ಹೋದ.

'ತಗೋ ಆಯಿ.'

'ಗಿಲಾಸ್ ಬ್ಯಾಡ ನನ್ನಪ್ಪ, ಹಿಂಗೇ ಹಾಕು.'

ಅವನು ಗ್ಲಾಸನ್ನೇ ಬೊಗಸೆಗೆ ಬಗ್ಗಿಸಿದ. ನೀರು ದಬಕ್ಕನೆ ಬಿದ್ದು ಮುದುಕಿಯ ಕುಪ್ಪಸ ತೊಯ್ದು, ಮೂಗಿಗೆ ಹೋಗಿ ಕೆಮ್ಮು ಬಂತು. ಮಕ್ಕಳು ನಕ್ಕರು. ನಾನು ಎದ್ದೆ. ಚರಿಗಿ ತಗೊಂಡು ಹೋಗಿ, ಹಾಗಲ್ಲಪ್ಪ, ಇಲ್ಲಿ ನೋಡು ಎಂದು ತೋರಿಸಿದೆ. ಚರಿಗಿಯನ್ನು ಒಂದು ಗೇಣು ಮೇಲೆ ಹಿಡಿಯಬೇಕು. ಧಾರೆ ಬೆರಳಿಗಿಂತ ಸಣ್ಣದಿರಬೇಕು. ನೀರು ಕಿರುಬೆರಳ ಬುಡಕ್ಕೆ ಬಿದ್ದು ತಾನಾಗಿ ಬಾಯಿಗೆ ಹೋಗುತ್ತದೆ. ಕುಡಿಯುವವರ ಮುಖ ನೋಡಬಾರದು, ಗಂಟಲು ನೋಡಬೇಕು. ಹೆಬ್ಬೆರಳು ಎತ್ತಿದರೆ ಸಾಕು ಅಂತ, ಧಾರೆ ಮುರಿಯಬೇಕು. ಮುದುಕಿ ಕುಡಿದಳು, ಹೆಬ್ಬೆರಳು ಎತ್ತಿದಳು, ನಾನು ನಿಲ್ಲಿಸಿದೆ, ಒಂದು ಹನಿಯೂ ಚೆಲ್ಲಲಿಲ್ಲ. ಹುಡುಗ 'ಭಾರಿ ಬರ್ತದಲ್ರೀ ಟೀಚರ್ ನಿಮಗ!' ಅಂದ. ನನಗೆ ಖುಷಿಯಾಯಿತು.

ಚರಿಗಿ ಅವನ ಕೈಗೆ ಕೊಟ್ಟು ವಾಪಸು ಬರುವ ಆ ನಾಲ್ಕು ಹೆಜ್ಜೆಯಲ್ಲಿ, ಇದು ನನಗೆ ಎಲ್ಲಿಂದ ಬರುತ್ತದೆ ಅನ್ನುವುದು ನೆನಪಾಯಿತು.

ನಮ್ಮ ತವರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಬೇಸಿಗೆ ರಜೆಯಲ್ಲಿ ತೊಗರಿ ಹಸನು ಮಾಡಲು ಹೆಂಗಸರು ಬರುತ್ತಿದ್ದರು. ಅವರು ಅಂಗಳದ ತುದಿಯಲ್ಲಿ ಕೂತು 'ಎವ್ವಾ, ನೀರು' ಎಂದರೆ ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಎಂಟು ವರ್ಷದ ನಾನು ಕಟ್ಟೆಯ ಮೇಲೆ ನಿಂತು, ಕೆಳಗೆ ಕೂತವರ ಬೊಗಸೆಗೆ ಚರಿಗಿಯಿಂದ ನೀರು ಬಿಡುತ್ತಿದ್ದೆ. ಚರಿಗಿ ಕೈಗೆ ತಾಗಬಾರದು ಎಂದು ಯಾರೂ ಹೇಳಿಕೊಟ್ಟ ನೆನಪಿಲ್ಲ. ಒಂದು ಗೇಣು ಮೇಲೆ ಹಿಡಿ ಎಂದಷ್ಟೇ ಹೇಳಿದ್ದರು. ಚೆಲ್ಲದೆ ಹಾಕುತ್ತಾಳೆ, ಜಾಣೆ ಎಂದು ಆ ಹೆಂಗಸರೇ ಹೊಗಳುತ್ತಿದ್ದರು.

ನಾನು ಸಮಾಜ ವಿಜ್ಞಾನ ಕಲಿಸುವವಳು. ಅಸ್ಪೃಶ್ಯತೆಯನ್ನು ಸಂವಿಧಾನದ ಎಷ್ಟನೇ ವಿಧಿ ನಿಷೇಧಿಸಿದೆ ಎಂದು ಒಂದು ಅಂಕಕ್ಕೆ ಕೇಳುತ್ತೇನೆ. 17 ಎಂದು ಬರೆದವರಿಗೆ ಅಂಕ ಕೊಡುತ್ತೇನೆ.

ಮುದುಕಿ ಯಾರೋ, ಯಾವ ಓಣಿಯವಳೋ ಕೇಳಲಿಲ್ಲ. ಹೊಲದಲ್ಲಿ ದುಡಿಯುವವರು ಯಾರಾದರೂ ಬೊಗಸೆಯಲ್ಲೇ ಕುಡಿಯುತ್ತಾರೆ, ಅದು ರೂಢಿ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹುಡುಗ ಸುಮ್ಮನಿರಲಿಲ್ಲ. 'ಗ್ಲಾಸ್‌ನಾಗ ಕುಡಿ ಆಯಿ, ಇನ್ನಾ ಭಾಳ ಅವ' ಎಂದು ಇನ್ನೊಂದು ಗ್ಲಾಸು ತುಂಬಿ ಅವಳ ಕೈಯಲ್ಲಿ ಇಟ್ಟೇಬಿಟ್ಟ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಹೂಂ ಎಂದು ತಲೆ ಆಡಿಸಿದೆ. ಆಡಿಸಬೇಕಾಗಿ ಬಂತಲ್ಲ! ತುಟಿಗೆ ತಾಗಿಸದೆ ಎತ್ತಿ ಕುಡಿದಳು. ಕೊನೆಯ ಗುಟುಕು ಉಳಿಸಿ, ಅದರಲ್ಲೇ ಗ್ಲಾಸಿನ ಒಳಗೆ ಹೊರಗೆ ಬೆರಳಾಡಿಸಿ ತೊಳೆದು, ಅವನು ಚಾಚಿದ ಕೈಗೆ ಕೊಡದೆ ನೆಲದ ಮೇಲೆ ಬೋರಲು ಹಾಕಿ ಎದ್ದಳು. 'ನಿನ್ ಹೊಟ್ಟಿ ತಣ್ಣಗಿರ್ಲಿ ಮಗಾ' ಎಂದಳು. ಬೆಳಗಿನಿಂದ ಅವನ ಹೊಟ್ಟೆಗೆ ಹನಿ ನೀರು ಬಿದ್ದಿಲ್ಲ ಅನ್ನುವುದು ಅವಳಿಗೇನು ಗೊತ್ತು.

'ಟೀಚರ್, ಆಯಿ ಯಾಕ ಗ್ಲಾಸ್ ತೊಳದು ಕೆಳಗಿಟ್ಳು?'

'ಸ್ವಚ್ಛತಾ ಅಂದ್ರ ಭಾಳ ಇರಬೇಕು ಅವರಿಗಿ' ಎಂದೆ.

ಅವನು ಒಪ್ಪಿಕೊಂಡ. ಹದಿನಾಲ್ಕು ವರ್ಷದವರು ಟೀಚರ್ ಹೇಳಿದ್ದನ್ನು ಎಷ್ಟು ಬೇಗ ಒಪ್ಪಿಕೊಳ್ಳುತ್ತಾರೆ!

ಸಂಜೆ ತೇರು ಎಳೆದರು. ಜನ ಬಾಳೆಹಣ್ಣು, ಉತ್ತತ್ತಿ ಎಸೆದರು. ರೋಜಾ ಬಿಡುವ ಮಗ್ರಿಬ್ ಹೊತ್ತಿಗೆ ನಮ್ಮ ಗೈಡ್ಸ್ ಹುಡುಗಿಯೊಬ್ಬಳು ತೇರಿಗೆ ಎಸೆಯಲು ತಂದ ಉತ್ತತ್ತಿಯಲ್ಲಿ ನಾಲ್ಕು ಎತ್ತಿಟ್ಟಿದ್ದನ್ನು ಆ ನಾಲ್ವರಿಗೆ ಕೊಟ್ಟಳು. ಕಲ್ಲಿನಂತಿದ್ದವು, ನೀರಲ್ಲಿ ನೆನೆಸಬೇಕಿತ್ತು; ಹಲ್ಲು ಮುರೀತಾವ ಎಂದು ಎಲ್ಲರೂ ನಕ್ಕರು. ನಮ್ಮ ಹುಡುಗ ಗ್ಲಾಸು ಬಿಟ್ಟು, ಹರವಿಯ ಮುಂದೆ ಕುಕ್ಕರಿಸಿ ಕೂತು ಬೊಗಸೆ ಒಡ್ಡಿದ. 'ಟೀಚರ್, ನೀವೇ ಹಾಕ್ರಿ, ನಿಮಗ ಚಂದ ಬರ್ತದ.' ನನ್ನ ಕೈ ನಡುಗಿ ಅವನ ಅಂಗಿ ಪೂರ್ತಿ ತೊಯ್ಯಿತು.

ಸೋಮವಾರ ಲಾಗ್ ಪುಸ್ತಕಗಳು ಮೇಜಿನ ಮೇಲೆ ಬಂದವು. 'ಇಂದು ಕಲಿತ ಹೊಸ ವಿಷಯ' ಎಂಬಲ್ಲಿ ಅವನು ದುಂಡು ಅಕ್ಷರದಲ್ಲಿ ಬರೆದಿದ್ದ: ಚೆಲ್ಲದ ಹಾಗೆ ಬೊಗಸೆಗೆ ನೀರು ಹಾಕುವುದು. ಕಲಿಸಿದವರು, ನಮ್ಮ ಟೀಚರ್.

ಅದರ ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದ. ಪೆನ್ನಿನ ಮುಚ್ಚಳ ತೆಗೆದು ತುಸು ಹೊತ್ತು ಕೂತಿದ್ದೆ. ಆಮೇಲೆ ಪುಸ್ತಕ ಮುಚ್ಚಿ, ಅವನನ್ನು ಸ್ಟಾಫ್ ರೂಮಿಗೆ ಕರೆದು ತರಲು ಹೇಳಿ ಕಳಿಸಿದೆ.