ಮೂರು ಕಾಲಂ ನೋಟ್‌ಬುಕ್: ಐದನೇ ತಿಂಗಳು

ಈ ತಿಂಗಳು ಹಾಳೆ ಜಾಸ್ತಿ ಆಗಲಿಲ್ಲ. ಇಪ್ಪತ್ತೆರಡೇ ಪುಟ. ಆದರೆ ಎರಡು ತಿಂಗಳಿಂದ ಹಾಗೇ ಬಿದ್ದಿದ್ದ ಒಂದು ಖಾಲಿ ಕಾಲಂ ತುಂಬಿತು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಕೋಲಾರದಲ್ಲಿ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಹಗಲೆಲ್ಲ ಅಫಿಡವಿಟ್, ಜಾಮೀನು ಅರ್ಜಿ ಟೈಪ್ ಮಾಡುವುದೇ ಕೆಲಸ. 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂತು. ಅಲ್ಲಿಂದಾಚೆಗಿನ ಕೇಸುಗಳಿಗೆ ಕೊಲೆಯ ಸೆಕ್ಷನ್ 302 ಹೋಗಿ 103 ಆಯಿತು, ವಂಚನೆಯ 420 ಹೋಗಿ 318 ಆಯಿತು. ವರ್ಷಗಟ್ಟಲೆ ಬೆರಳಿಗೆ ಅಂಟಿದ್ದ ನಂಬರುಗಳು. ಇದನ್ನೆಲ್ಲ ಬದಲಾಯಿಸುವಾಗ ಸಂಸತ್ತಿನಲ್ಲಿ ಯಾರು ಏನು ಮಾತಾಡಿದರು ಅಂತ ತಿಳಿಯುವ ಆಸೆ ಹುಟ್ಟಿತು. ಟಿವಿಯಲ್ಲಿ ಬಂದ ಅರ್ಧ ನಿಮಿಷದ ತುಣುಕಲ್ಲ, ಪೂರ್ತಿ ಮಾತು.

ಹಾಗಾಗಿ ರಾತ್ರಿ ಶಟರ್ ಎಳೆದ ಮೇಲೆ ಸದನದ ನಡಾವಳಿ ಓದಿ ಕನ್ನಡಕ್ಕೆ ಇಳಿಸುತ್ತೇನೆ. ಉದ್ದ ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಮಸೂದೆ ತಂದವರು ಹೇಳಿದ್ದು, ಎರಡನೆಯದರಲ್ಲಿ ಎದುರು ಮಾತಾಡಿದವರು ಹೇಳಿದ್ದು, ಮೂರನೆಯದರಲ್ಲಿ ಕಾನೂನಿನಲ್ಲಿ ನಿಜಕ್ಕೂ ಬರೆದಿರುವುದು. ಭಾನುವಾರ ಸಂಜೆ ಅಂಗಡಿ ಮುಂದೆ ಎಂಟು ಹತ್ತು ಜನ ಸೇರುತ್ತಾರೆ. ಗಟ್ಟಿಯಾಗಿ ಓದುತ್ತೇವೆ.

ಖಾಲಿ ಕಾಲಂ

ಮೂರು ಕ್ರಿಮಿನಲ್ ಮಸೂದೆಗಳು ಮೊದಲು ಬಂದದ್ದು 2023ರ ಆಗಸ್ಟ್ 11ರಂದು. ಗೃಹ ಇಲಾಖೆಯ ಸ್ಥಾಯಿ ಸಮಿತಿಗೆ ಹೋದವು. ವರದಿ ಬಂದ ಮೇಲೆ ಹಳೇದನ್ನು ವಾಪಸ್ ಪಡೆದು ಡಿಸೆಂಬರ್ 12ರಂದು ಹೊಸದಾಗಿ ಮಂಡಿಸಿದರು. ಡಿಸೆಂಬರ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ. ಅಷ್ಟೇ. 1860ರಿಂದ ನಡೆದುಬಂದ ದಂಡ ಸಂಹಿತೆಯ 511 ಸೆಕ್ಷನ್ನುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಬಂದವು.

ಮೊದಲ ಕಾಲಂ ತುಂಬಿ ತುಳುಕಿತು. ಶಿಕ್ಷೆಗಿಂತ ನ್ಯಾಯ ಮುಖ್ಯ, ಇದು ಬ್ರಿಟಿಷರ ಕಾಲದ ಕಾನೂನಿನಿಂದ ಬಿಡುಗಡೆ, ಗುಂಪು ಹತ್ಯೆಗೆ ಪ್ರತ್ಯೇಕ ಶಿಕ್ಷೆ, ಸಣ್ಣ ಅಪರಾಧಕ್ಕೆ ಸಮುದಾಯ ಸೇವೆ ಅಂತ ಗೃಹ ಸಚಿವ ಅಮಿತ್ ಶಾ ವಿವರಿಸಿದ್ದಾರೆ. ಇವುಗಳಲ್ಲಿ ಒಳ್ಳೆಯವು ಇವೆ, ಅದನ್ನು ಮನಸಾರೆ ಒಪ್ಪುತ್ತೇನೆ. ಯಾವ ಠಾಣೆಗೆ ಹೋದರೂ ದೂರು ದಾಖಲಿಸಲೇಬೇಕು ಅನ್ನುವುದು ಈಗ ಕಾನೂನಿನಲ್ಲೇ ಇದೆ. "ನಮ್ಮ ವ್ಯಾಪ್ತಿ ಅಲ್ಲ" ಅಂತ ವಾಪಸ್ ಕಳಿಸಿದರು ಅಂತ ಅತ್ತವರ ಅರ್ಜಿಯನ್ನು ನಾನೇ ಟೈಪ್ ಮಾಡಿದ್ದೇನೆ.

ಎರಡನೇ ಕಾಲಂ ಮಾತ್ರ ತೆಳ್ಳಗೇ ಉಳಿಯಿತು. ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ ಒಟ್ಟು 146 ವಿರೋಧ ಪಕ್ಷದ ಸದಸ್ಯರು ಅಮಾನತಾಗಿದ್ದರು. ಒಳಗಿದ್ದ ಕೆಲವರು ಎತ್ತಿದ ಆಕ್ಷೇಪಗಳನ್ನು ಬರೆದುಕೊಂಡೆ. ಆದರೂ ಹಾಳೆ ಹಿಡಿದರೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬರೀ ಬಿಳಿ. ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ತಪ್ಪು ಯಾರದು ಅಂತ ವಾದ ಮಾಡಬಹುದು. ಆದರೆ 140 ಕೋಟಿ ಜನರನ್ನು ಜೈಲಿಗೆ ಹಾಕಬಲ್ಲ, ಬಿಡಿಸಬಲ್ಲ ಕಾನೂನಿಗೆ ಎದುರು ಮಾತು ಪೂರ್ತಿ ದಾಖಲಾಗಬೇಕಿತ್ತು, ಅಲ್ವಾ?

ದಾರಿ ತೋರಿಸಿದವರು ನಮ್ಮ ಗುಂಪಿಗೆ ಬರುವ ವಕೀಲರು. "ಅಕ್ಕಾ, ಸದನದಲ್ಲಿ ಸಿಗದಿದ್ದರೆ ಸಮಿತಿ ವರದಿಯ ಕೊನೆಗೆ ಹೋಗಿ ನೋಡಿ" ಅಂದರು. ಹೋಗಿ ನೋಡಿದರೆ ಸದಸ್ಯರ ಭಿನ್ನಮತದ ಟಿಪ್ಪಣಿಗಳು ಸಾಲಾಗಿ ಇವೆ. ಮೂರು ರಾತ್ರಿ ಕೂತು ಕನ್ನಡಕ್ಕೆ ತಂದೆ. ಕಾಲಂ ತುಂಬಿತು.

ಗುಂಪಿನಲ್ಲಿ ಜಾಸ್ತಿ ಹೊತ್ತು ತಿಂದದ್ದು ಪೊಲೀಸ್ ಕಸ್ಟಡಿ ವಿಷಯ. ಆರೋಪಿಯನ್ನು ಪೊಲೀಸರ ವಶಕ್ಕೆ ಕೊಡುವುದು ಒಟ್ಟು 15 ದಿನ. ಮೊದಲು ಆ 15 ದಿನವನ್ನು ಬಂಧನದ ಮೊದಲ 15 ದಿನದೊಳಗೇ ಕೇಳಬೇಕಿತ್ತು. ಈಗ ಆ ಮೂರು ಕಾನೂನುಗಳಲ್ಲಿ ಒಂದಾದ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಸೆಕ್ಷನ್ ಪ್ರಕಾರ ಅದೇ 15 ದಿನವನ್ನು ತುಂಡು ತುಂಡಾಗಿ ಮೊದಲ 40 ದಿನ, ದೊಡ್ಡ ಅಪರಾಧವಾದರೆ 60 ದಿನದವರೆಗೂ ಕೇಳಬಹುದು. ಇದರಿಂದ ಜಾಮೀನು ಎಷ್ಟು ಕಷ್ಟ ಆಗಬಹುದು ಅಂತ ಜಾಮೀನು ಅರ್ಜಿ ಬರೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪದಕ್ಕೆ ಒಂದು ವಾರ

ರಾಜದ್ರೋಹದ ಹಳೇ ಸೆಕ್ಷನ್ 124ಎ ಹೋಯಿತು, ನ್ಯಾಯ ಸಂಹಿತೆಯ 152 ಬಂತು. ರಾಜದ್ರೋಹವನ್ನು ತೆಗೆದು ದೇಶದ್ರೋಹವನ್ನು ತಂದಿದ್ದೇವೆ ಅನ್ನುವುದು ಸರ್ಕಾರದ ಮಾತು. ಸರ್ಕಾರವನ್ನು ಬೈದರೆ ಅಪರಾಧ ಅಲ್ಲ, ದೇಶವನ್ನು ಒಡೆಯಲು ಹೊರಟರೆ ಅಪರಾಧ. ಕೇಳಲು ಸರಿಯಾಗಿದೆ. ಮೂರನೇ ಕಾಲಂಗೆ ಸೆಕ್ಷನ್ ಇಳಿಸುವಾಗ ನನ್ನ ಕೈ ನಿಂತಿತು. ಪ್ರತ್ಯೇಕತೆಯ ಭಾವನೆಗೆ "ಪ್ರೋತ್ಸಾಹ" ಕೊಡುವುದು ಅಂದರೆ ಎಲ್ಲಿಂದ ಎಲ್ಲಿಗೆ? ಹಳೇದರಲ್ಲಿ ಜೀವಾವಧಿ ಬಿಟ್ಟರೆ ಮೂರು ವರ್ಷದವರೆಗೆ ಇತ್ತು. ಹೊಸದರಲ್ಲಿ ಜೀವಾವಧಿ ಅಥವಾ ಏಳು ವರ್ಷದವರೆಗೆ. ಹೆಸರು ಮೃದುವಾಯಿತು, ಶಿಕ್ಷೆ ಮೃದುವಾಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆ ವಾರ ಕೆಜಿಎಫ್‌ನಿಂದ ಬರುವ ತಾತ ಮಾತಾಡಿದರು. ಅವರ ಅಪ್ಪ ಉತ್ತರ ಆರ್ಕಾಟಿನಿಂದ ಚಿನ್ನದ ಗಣಿಗೆ ಬಂದವರು. 2001ರಲ್ಲಿ ಗಣಿ ಮುಚ್ಚುವ ಮೊದಲೇ ತಾತ ನಿವೃತ್ತರಾಗಿದ್ದರು. "ಅಣ್ಣಾದುರೈ ರಾಜ್ಯಸಭೆಯಲ್ಲೇ ನಿಂತು ದ್ರಾವಿಡ ನಾಡು ಕೇಳಿದರಮ್ಮ. ಯಾರೂ ಬಾಯಿ ಮುಚ್ಚಿಸಲಿಲ್ಲ" ಅಂದರು. ಹುಡುಕಿದೆ. ನಿಜ, 1962ರಲ್ಲಿ ಡಿಎಂಕೆ ನಾಯಕ ಅಣ್ಣಾದುರೈ ಅವರ ಮೊದಲ ಭಾಷಣ. ದಕ್ಷಿಣಕ್ಕೆ ಪ್ರತ್ಯೇಕ ದೇಶ ಬೇಕು ಅನ್ನುವುದೇ ದ್ರಾವಿಡ ನಾಡಿನ ಬೇಡಿಕೆ. ಮರುವರ್ಷವೇ ಸಂವಿಧಾನದ 16ನೇ ತಿದ್ದುಪಡಿ ಬಂತು. ದೇಶದ ಸಾರ್ವಭೌಮತ್ವ, ಅಖಂಡತೆ ಅನ್ನುವ ಮಾತು ವಾಕ್ ಸ್ವಾತಂತ್ರ್ಯದ 19ನೇ ವಿಧಿಗೂ ಚುನಾವಣಾ ಅಭ್ಯರ್ಥಿಯ ಪ್ರಮಾಣಕ್ಕೂ ಸೇರಿತು. ಆ ತಿದ್ದುಪಡಿಯನ್ನೂ ಅಣ್ಣಾದುರೈ ಸದನದಲ್ಲೇ ವಿರೋಧಿಸಿದರು. ಅದೇ ವರ್ಷ ಅವರ ಪಕ್ಷ ಪ್ರತ್ಯೇಕ ನಾಡಿನ ಬೇಡಿಕೆಯನ್ನು ಕೈಬಿಟ್ಟಿತು. ಒಡೆದು ಹೋಗುವ ಮಾತು ಸದನದೊಳಗೇ ಬಂದು, ಅಲ್ಲೇ ಎದುರು ಮಾತು ಕೇಳಿ, ಅಲ್ಲೇ ದಾಖಲಾಯಿತು. ಈ ಎರಡು ಹಾಳೆಗಳನ್ನು ಬರೆದಾಗ ಎರಡನೇ ಕಾಲಂ ನನಗೆ ಯಾಕಿಷ್ಟು ಮುಖ್ಯ ಅನ್ನುವುದು ನನಗೇ ಸ್ಪಷ್ಟವಾಯಿತು.

ಪೌರತ್ವದ ಮೂರು ದಿನ

1949ರ ಆಗಸ್ಟ್ 10, 11, 12. ಯಾರು ಭಾರತದ ಪ್ರಜೆ ಅಂತ ಸಂವಿಧಾನ ಸಭೆ ಮೂರು ದಿನ ಚರ್ಚೆ ಮಾಡಿತು. ಇನ್ನೊಂದನ್ನು ಬಿಟ್ಟರೆ ಬೇರೆ ಯಾವ ವಿಧಿಯೂ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟಿಲ್ಲ ಅಂತ ಅಂಬೇಡ್ಕರ್ ಶುರುವಿನಲ್ಲೇ ಹೇಳುತ್ತಾರೆ. ಪೌರತ್ವ ಬಹಳ ಅಗ್ಗವಾಯಿತು ಅಂತ ಸಭೆಯ ಸದಸ್ಯ ಪಿ.ಎಸ್. ದೇಶಮುಖ್ ವಾದಿಸುತ್ತಾರೆ. ಬೇರೆ ದೇಶದ ಪ್ರಜೆ ಅಲ್ಲದ ಹಿಂದೂ, ಸಿಖ್ಖರಿಗೆ ಹಕ್ಕು ಕೊಡಿ ಅಂತ ತಿದ್ದುಪಡಿಯನ್ನೂ ತರುತ್ತಾರೆ. ಸಭೆ ಒಪ್ಪುವುದಿಲ್ಲ. ಪೌರತ್ವ ತಿದ್ದುಪಡಿ ಮಸೂದೆ ಮೇಲಿನ 2019ರ ಡಿಸೆಂಬರ್ 9ರ ಲೋಕಸಭೆ ಚರ್ಚೆಯನ್ನು ಇದರ ಪಕ್ಕ ಇಟ್ಟು ಓದಿದರೆ ಎಪ್ಪತ್ತು ವರ್ಷ ಹಳೆಯ ಜಗಳ ಮತ್ತೆ ಎದ್ದು ಕೂತಂತೆ ಕಾಣುತ್ತದೆ. ಅವತ್ತು ಮತದಾನ ಮುಗಿದದ್ದು ಮಧ್ಯರಾತ್ರಿ ದಾಟಿದ ಮೇಲೆ. ಪರ 311, ವಿರೋಧ 80.

ಒಂದು ಸಂಗತಿ ನನಗೆ ತುಂಬಾ ಹಿಡಿಸಿತು. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ, ಆದರೆ ಪೌರತ್ವದ 5ರಿಂದ 9ರವರೆಗಿನ ವಿಧಿಗಳು 1949ರ ನವೆಂಬರ್ 26ಕ್ಕೇ ಜಾರಿಯಾಗಿದ್ದವು. ನಾವು ಗಣರಾಜ್ಯ ಆಗುವ ಮೊದಲೇ ಪ್ರಜೆಗಳಾಗಿದ್ದೆವು. ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಕೂಡ ಆ ಸಂವಿಧಾನ ಸಭೆಯ ಸದಸ್ಯರು ಅಂತ ಓದಿದಾಗ ಭಾನುವಾರದ ಗುಂಪಿನಲ್ಲಿ ಎಲ್ಲರ ಮುಖ ಅರಳಿತು.

ಸಾಬೀತು ಮಾಡಬೇಕಾದವರು ಯಾರು

2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಮಾರ್ಚ್ 27ಕ್ಕೆ ಲೋಕಸಭೆಯಲ್ಲಿ, ಏಪ್ರಿಲ್ 2ಕ್ಕೆ ರಾಜ್ಯಸಭೆಯಲ್ಲಿ ಪಾಸಾಯಿತು. 1920, 1939, 1946, 2000ದ ನಾಲ್ಕು ಕಾಯ್ದೆಗಳ ಜಾಗಕ್ಕೆ ಇದೊಂದೇ. ದೇಶ ಧರ್ಮಶಾಲೆ ಅಲ್ಲ ಅಂದರು ಗೃಹ ಸಚಿವರು. ಸಮಿತಿಗೆ ಕಳಿಸಿ ಅಂದರು ವಿರೋಧ ಪಕ್ಷದವರು. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಗಡಿ ಕಾಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ನಾನು ನಿಂತದ್ದು ಬೇರೆ ಜಾಗದಲ್ಲಿ. ಕಳ್ಳತನ, ಕೊಲೆ ಏನೇ ಇರಲಿ, ಸಾಮಾನ್ಯವಾಗಿ ಆರೋಪ ಹೊರಿಸಿದವರೇ ಸಾಬೀತು ಮಾಡಬೇಕು. ನೀನು ವಿದೇಶಿ ಅಂದರೆ ಮಾತ್ರ, ಅಲ್ಲ ಅಂತ ತೋರಿಸುವ ಹೊರೆ ಆ ಮನುಷ್ಯನದೇ. 1946ರ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿದ್ದ ಆ ಮಾತು ಹೊಸ ಕಾಯ್ದೆಯಲ್ಲೂ ಉಳಿದಿದೆ.

ಇದನ್ನು ಓದಿದ ಮುಂದಿನ ಭಾನುವಾರ ಒಬ್ಬರು ಅಜ್ಜಿ ಹಾರ್ಲಿಕ್ಸ್ ಡಬ್ಬಿ ಹಿಡಿದು ಬಂದರು. ಒಳಗೆ ಸುರುಳಿ ಸುತ್ತಿದ ಕಾಗದಗಳು. ಮಗನ ಟಿಸಿಯಲ್ಲಿ ಅವರ ಹೆಸರು ಒಂದು ಥರ, ಪಹಣಿಯಲ್ಲಿ ಇನ್ನೊಂದು ಥರ, ಆಧಾರಿನಲ್ಲಿ ಮತ್ತೊಂದು ಥರ. ಹುಟ್ಟಿದ ದಿನ ಎಲ್ಲ ಕಡೆ ಜನವರಿ 1. "ನಮ್ಮವ್ವ ನನ್ನನ್ನ ರಾಗಿ ಕೊಯ್ಲಲ್ಲಿ ಹೆತ್ತಿದ್ದು. ಅದನ್ನ ಎಲ್ಲಿ ಬರೆಸ್ಲಮ್ಮ?" ಅಂದರು. ಅಜ್ಜಿಯನ್ನು ಯಾರೂ ಪ್ರಶ್ನೆ ಮಾಡಿಲ್ಲ, ಮಾಡುವ ಕಾರಣವೂ ಇಲ್ಲ. ಆದರೂ ಆ ಡಬ್ಬಿ ಮುಚ್ಚುವಾಗ ಅವರ ಕೈ ನಡುಗಿತು. ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಹೊರಲು ಎಲ್ಲೆಲ್ಲಿಂದಲೋ ಬರುವ ಹುಡುಗರ ಹತ್ತಿರ ಇಂಥ ಡಬ್ಬಿಯೂ ಇರುವುದಿಲ್ಲ. ವಲಸೆ ಅನ್ನುವ ಪದ ನಮ್ಮಲ್ಲಿ ಸುಮ್ನೆ ಬೈಗುಳ ಆಗುತ್ತಿದೆ. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳುವ ಊರು ನಮ್ಮದು. ಇಲ್ಲಿ ಅದು ಬೈಗುಳ ಆಗಬಾರದು.

ಒಂದು ತಪ್ಪು, ಒಂದು ಪ್ರಯಾಣ

ಮೂರನೇ ತಿಂಗಳ ಹಾಳೆಯಲ್ಲಿ ನೆಹರೂ ಹೇಳಿದರು ಅಂತ ಒಂದು ಸಾಲು ಹಾಕಿದ್ದೆ. ವಾಟ್ಸಾಪಿನಲ್ಲಿ ಬಂದದ್ದು. ನಡಾವಳಿಯಲ್ಲಿ ಹುಡುಕಿದರೆ ಆ ದಿನ ಅಂಥ ಮಾತೇ ಇಲ್ಲ. ಹದಿನಾಲ್ಕು ಪ್ರತಿ ಹಂಚಿದ್ದೆ, ಮನೆ ಮನೆಗೆ ಹೋಗಿ ಹದಿಮೂರನ್ನು ವಾಪಸ್ ತಂದು ತಿದ್ದಿದೆ. ಇನ್ನು ಮೇಲೆ ಪ್ರತಿ ಸಾಲಿನ ಪಕ್ಕ ತಾರೀಖು ಇಲ್ಲದೆ ಹಾಳೆ ಹೊರಗೆ ಹೋಗುವುದಿಲ್ಲ.

ರಜೆ ಸಿಕ್ಕ ಒಂದು ದಿನ ವಿದುರಾಶ್ವತ್ಥಕ್ಕೆ ಹೋಗಿಬಂದೆ. ಚಿಕ್ಕಬಳ್ಳಾಪುರ, ಅಲ್ಲಿಂದ ಗೌರಿಬಿದನೂರು ಬಸ್ಸು. 2007ರವರೆಗೆ ಅದೂ ನಮ್ಮ ಕೋಲಾರ ಜಿಲ್ಲೆಯೇ. 1938ರ ಏಪ್ರಿಲ್ 25ರಂದು ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ನಿಷೇಧಾಜ್ಞೆ ಅನ್ನುವ ಪದವನ್ನು ಎಷ್ಟೋ ಅರ್ಜಿಗಳಲ್ಲಿ ಟೈಪ್ ಮಾಡಿದ್ದೇನೆ. ಮೊದಲು ಅದು 144ನೇ ಸೆಕ್ಷನ್, ಈಗ 163. ನಾಗರಕಲ್ಲುಗಳ ನಡುವೆ ನಿಂತಾಗ ಆ ಪದ ಮೊದಲ ಸಲ ಭಾರ ಅನ್ನಿಸಿತು.

ಮುಂದಿನ ತಿಂಗಳು 2002ರ ಪೋಟಾ, ಅಂದರೆ ಭಯೋತ್ಪಾದನೆ ತಡೆ ಕಾಯ್ದೆಗೆ ಕೈ ಹಾಕುತ್ತೇನೆ. ಎರಡೂ ಸದನಗಳು ಒಟ್ಟಿಗೆ ಕೂತು ಮಾರ್ಚ್ 26ರಂದು 425ಕ್ಕೆ 296 ಮತಗಳಿಂದ ಪಾಸು ಮಾಡಿದ ಕಾನೂನು ಅದು. ಅಲ್ಲಿ ಎರಡನೇ ಕಾಲಂ ತುಂಬಾ ಉದ್ದ ಇದೆ. ಹಿಂದಿ ಭಾಷಣಗಳನ್ನು ಕನ್ನಡಕ್ಕೆ ತರಲು ಒಬ್ಬರು ನಿವೃತ್ತ ಮೇಷ್ಟ್ರು ಒಪ್ಪಿದ್ದಾರೆ. ಹದಿನಾಲ್ಕನೇ ಪ್ರತಿ ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ಅಂಗಡಿಗೆ ತಂದುಕೊಡಿ, ತಿದ್ದಿದ ಹಾಳೆ ತೆಗೆದಿಟ್ಟಿದ್ದೇನೆ.